ಶುಕ್ರವಾರ ಸುಡುವ ಚಿಪ್ಪು

"ಕೈ ತೆಗೀರಿ ಅಲ್ಲಿಂದ!"

ಮರೆತ ಛತ್ರಿಗೆಂದು ಲ್ಯಾಬಿಗೆ ಮರಳಿದ್ದ ಮಸ್ತೂರಾ ಬಾಗಿಲಲ್ಲೇ ಕಿರುಚಿದಳು. ಅವಳ ಬೋರ್ಡಿನ ಪವರ್ ಸ್ವಿಚ್ಚಿನ ಮೇಲೆ ಹಜ್ಮಿಯ ಬೆರಳು! ಟೆಸ್ಟಿಂಗ್ ವಿಭಾಗದ ಹಜ್ಮಿ, ತಲೆಗೆ ಟೋಪಿ ಇಟ್ಟು ನಮಾಜಿಗೆ ಹೊರಟಿದ್ದ.

ಶುಕ್ರವಾರ...!

ಸೀಗಡಿ ಹೊಂಡದ ನೀರು ಅಳೆಯುವ ಆ ಬೋರ್ಡು ಅವಳದೇ ಡಿಸೈನು. ಸೆನ್ಸರ್ ಪೆಟ್ಟಿಗೆಯಿಂದ ಬರುವ ಸಿಗ್ನಲ್ಲನ್ನು ಹಿಗ್ಗಿಸುವ ಅದರ ಆಪ್ ಆಂಪ್ ಚಿಪ್ಪು ಸುಡುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನವೇ. ಗಂಡಸರು ಮಸೀದಿಗೆ ಹೋಗಿರುತ್ತಿದ್ದರು, ಹೆಂಗಸರು ನಾಸಿ ಕಂದಾರ್ ಅನ್ನ ತಿಂದು ಪೆನಾಂಗ್ ಪೇಟೆ ಸುತ್ತುತ್ತಿದ್ದರು. ಇನ್ನೊಂದು ಸುಟ್ಟರೆ ಬೋರ್ಡು ಬೇರೆ ತಂಡಕ್ಕೆ ಎಂದು ಬಾಸ್ ಖೂ ಬೆಳಿಗ್ಗೆಯಷ್ಟೇ ಗುಡುಗಿದ್ದರು.

"ನನ್ನ ಬೋರ್ಡ್ ಹಾಳು ಮಾಡ್ತಿರೋದು ನೀವಾ, ಎನ್ಚಿಕ್ ಹಜ್ಮಿ?"

ಎನ್ಚಿಕ್! ಯಾರೋ ಪರಿಚಯವಿಲ್ಲದ ಸಾಹೇಬರನ್ನು ಕರೆದಂತೆ. ಅವನ ಮುಖ ಸಪ್ಪಗಾಯಿತು.

"ಅಯ್ಯೋ, ಹಾಳು ಮಾಡೋದಾ! ಶುಕ್ರವಾರದ ಉದ್ದ ಊಟಕ್ಕೆ ಹೋಗುವಾಗ ನೀವು ಆಫ್ ಮಾಡೋದು ಮರೀತೀರಿ. ಬೋರ್ಡ್ ಕಾದು ಕೆಟ್ರೆ ನೀವು ಬೇಜಾರು ಮಾಡ್ಕೋತೀರಿ... ಅದಕ್ಕೇ ನಾನೇ ಆಫ್ ಮಾಡಿ, ನೀವು ಬರೋಕೆ ಮುಂಚೆ ಆನ್ ಮಾಡ್ತಿದ್ದೆ."

"ಸೆನ್ಸರ್ ಪೆಟ್ಟಿಗೆ?"

"ಅದನ್ನ... ಮುಟ್ಟಿಲ್ಲ."

ಪ್ರೀತಿಸುವವರಿಗೆ ಇಷ್ಟೂ ಬುದ್ಧಿ ಬೇಡವೇ! ಬೋರ್ಡಿಗೆ ಪವರ್ ಇಲ್ಲ, ಆದರೆ ಬೇರೆ ಪವರಿನಲ್ಲಿ ನಡೆಯುವ ಪೆಟ್ಟಿಗೆಯಿಂದ ಚಿಪ್ಪಿನ ಇನ್‌ಪುಟ್ಟಿಗೆ ಹತ್ತು ವೋಲ್ಟ್ ಬರುತ್ತಲೇ ಇದೆ. ತನ್ನ ಪವರಿಗಿಂತ ಹೆಚ್ಚು ವೋಲ್ಟೇಜು ಇನ್‌ಪುಟ್ಟಿಗೆ ಬಂದರೆ ಕರೆಂಟು ಒಳಗೆ ನುಗ್ಗಿ ಚಿಪ್ಪನ್ನೇ ಸುಡುತ್ತದೆ.

'ಪ್ರತಿ ವಾರ... ನನಗೋಸ್ಕರ?' ಅವಳ ಸಿಟ್ಟು ಅಲ್ಲೇ ತಡವರಿಸಿತು.

ಗಲಾಟೆ ಕೇಳಿ, ಮಾತಿನ ಕೊನೆಗೆ 'ಲಾ' ಸೇರಿಸುವ ಖೂ ಬಂದರು. "ಓ, ತಪ್ಪು ಇವನದು ಲಾ! ಇವನನ್ನ ಲ್ಯಾಬಿಂದ ಆಚೆ ಹಾಕಿದ್ರೆ ಆಯ್ತು."

"ಇಲ್ಲ ಬಾಸ್!" ಮಸ್ತೂರಾ ಅಡ್ಡ ನಿಂತಳು. "ಹೊಂಡದ ಹತ್ರ ಬೋರ್ಡಿಗೆ ಕರೆಂಟ್ ಹೋದಾಗ ಯಾರನ್ನ ಆಚೆ ಹಾಕ್ತೀರಿ? ತಪ್ಪು ನನ್ನ ಡಿಸೈನಿಂದು. ಸಂಜೆವರೆಗೆ ಟೈಮ್ ಕೊಡಿ."

"ಮತ್ತೆ ಸುಟ್ರೆ?"

"ಬೋರ್ಡ್ ಯಾರಿಗಾದ್ರೂ ಕೊಡಿ. ಆದ್ರೆ ಸುಡಲ್ಲ!"

ಹೊಸ ಚಿಪ್ಪು ಕೂರಿಸಿ, ಅದರ ಇನ್‌ಪುಟ್ಟಿನ ದಾರಿಯಲ್ಲಿ ಕರೆಂಟನ್ನು ತಡೆಯುವ ಒಂದು ಪುಟ್ಟ ರೆಸಿಸ್ಟರ್ ಬೆಸುಗೆ ಹಾಕಿದಳು. ಸಂಜೆ ಎಲ್ಲರೂ ಮೇಜಿನ ಸುತ್ತ ನೆರೆದರು.

"ಈಗ ಆಫ್ ಮಾಡಿ."

"ಬೇಡ ಮಸ್ತೂರಾ... ನನ್ನ ಕೈಯಿಂದ ಬೇಡ."

"ನಿಮ್ಮ ಕೈಯಿಂದಾನೇ!"

ಹಜ್ಮಿ ಸ್ವಿಚ್ ಒತ್ತಿದ. ಸೆನ್ಸರ್ ಪೆಟ್ಟಿಗೆ ಆನ್ ಆಗಿಯೇ ಇತ್ತು. ಖೂ ಕಾಫಿ ಕುಡಿದು ಮುಗಿಸುವವರೆಗೂ ಅವಳು ಕಾದಳು, ಆಮೇಲೆ ತಾನೇ ಆನ್ ಮಾಡಿದಳು.

ಮೀಟರಿನ ಅಂಕಿ ಮೊದಲಿನಂತೆಯೇ ಬಂದು ನಿಂತಿತು. ಚಿಪ್ಪು ಬದುಕಿತ್ತು!

"ಬೋರ್ಡ್ ನಿನ್ನದೇ ಲಾ," ಎಂದು ಖೂ ಹೊರಟರು. ಉಳಿದವರೂ ಅವರ ಹಿಂದೆ ನಡೆದರು.

"ಇನ್ಮೇಲೆ ನಿಮ್ಮ ಮೇಜಿನ ಹತ್ರಾನೂ ಬರಲ್ಲ," ಎಂದ ಹಜ್ಮಿ, ತಲೆ ತಗ್ಗಿಸಿ.

"ಬರಲೇಬೇಕು! ನೀವು ಆಫ್ ಮಾಡಿದ್ರೂ ಸುಡದ ಹಾಗೆ ಮಾಡಿದ್ದು ಮತ್ಯಾಕೆ... ಅಬಾಂಗ್?"

ಅವನು ತಟ್ಟನೆ ತಲೆ ಎತ್ತಿದ. ಅಲ್ಲಿನ ಹುಡುಗಿಯರು ಅಣ್ಣನನ್ನೂ ಹಾಗೆಯೇ ಕರೆಯುತ್ತಾರೆ, ಮನಸ್ಸು ಕೊಟ್ಟವನನ್ನೂ.

"ಅಬಾಂಗ್ ಅಂದ್ರೆ... ಅಣ್ಣ ಅಂತಾನಾ?"

"ಅಣ್ಣ ಇಪೋ ಊರಲ್ಲಿ ಒಬ್ಬ ಇದ್ದಾನೆ," ಎಂದಳು ಅವಳು, ಕಣ್ಣಲ್ಲಿ ಕಣ್ಣಿಟ್ಟು. "ನನಗೆ ಇನ್ನೊಬ್ಬ ಬೇಡ!"