ಕಾರಣ ಹೇಳದವನು

"ನಾಳಿಯಿಂದ ನೀವು ಕೆಲಸಕ್ಕ ಬರೂದು ಬ್ಯಾಡಂತ್ರಿ..."

ಈ ಮಾತನ್ನು ಅವನು ಅವಳ ಮುಖ ನೋಡಿ ಹೇಳಲಿಲ್ಲ. ಎದುರಿಗೆ ಸುರಿದಿದ್ದ ನಿಂಬೆಹಣ್ಣಿನ ರಾಶಿಯನ್ನು ನೋಡಿ ಹೇಳಿದ!

ಭಾಗ್ಯಜ್ಯೋತಿ ಬರೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಇಂಡಿ ಪೇಟೆಯ ಚನ್ನಬಸಯ್ಯನವರ ಅಡತಿ ಅಂಗಡಿಯಲ್ಲಿ, ಅಂದರೆ ದಲಾಲಿ ಮಂಡಿಯಲ್ಲಿ, ರೈತರು ಮಾರಲು ತಂದ ನಿಂಬೆಯ ಚೀಲಗಳನ್ನು ಬರೆದಿಡುವ ಕೆಲಸ ಅವಳದು. ಅದೂ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಮೇಲೆ ಕುತುಬುದ್ದೀನ ಚಾಚಾನ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದಳು. ಈ ಎರಡು ಅರ್ಧ ಕೆಲಸ ಕೂಡಿದರೇನೇ ಅವಳ ಮತ್ತು ಉಬ್ಬಸದ ತಾಯಿ ಶಂಕ್ರೆವ್ವಳ ಹೊಟ್ಟೆ ತುಂಬಬೇಕು.

"ಇದನ್ನ ಹೇಳಾಕ ನೀವ್ಯಾರ್ರಿ?" ಅವಳು ಪೆನ್ನು ಕೆಳಗಿಟ್ಟಳು.

"ನಾ ಸಂಗಮೇಶ್ರಿ. ಚನ್ನಬಸಯ್ಯ ನಮ್ಮ ಸ್ವಾದರಮಾವ. ನಿನ್ನೆ ನಿಡಗುಂದಿಯಿಂದ ಬಂದೇನಿ, ಯಾಪಾರ ಕಲಿಯಾಕ..."

"ಮದ್ಲ ಕಲಿಯೂದು ಇದ ಏನ್ರಿ? ಮಂದೀನ ಬಿಡಸೂದು?"

ಪಾಪ, ಅವನ ಕಿವಿ ಕೆಂಪಾದವು. ನಿಂಬೆಯ ರಾಶಿಯಿಂದ ಕಣ್ಣು ಕೀಳಲೇ ಇಲ್ಲ.

ಹಾಗಾದರೆ ಭಾಗ್ಯಾ ತಪ್ಪು ಮಾಡಿರಲಿಲ್ಲವೇ? ಮಾಡಿದ್ದಳು, ಮುಚ್ಚಿಡುವುದೇಕೆ! ಅಡತಿಯವರೆಲ್ಲ ಸಂಜೆ ಬೂತಿಗೆ ಬಂದು ಹೈದರಾಬಾದಿಗೆ ಫೋನು ಹಚ್ಚಿ ನಿಂಬೆಯ ರೇಟು ಕೇಳುತ್ತಿದ್ದರು. ಫೋನಿಲ್ಲದೆಯೇ ಹೈದರಾಬಾದಿಗೆ ಕೇಳಿಸುವಂತೆ ಕೂಗುತ್ತಿದ್ದರು ಅನ್ನಿ! ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಅಡತಿಯವರು ರೈತರಿಗೆ ಕಡಿಮೆ ರೇಟು ಹೇಳುವುದನ್ನೂ ಅವಳೇ ನೋಡಬೇಕು.

ನಿನ್ನೆ ದೇವಣಗಾಂವದ ಮುದುಕಿ ಶೆಟ್ಟೆವ್ವಳ ಮುಖ ನೋಡಿ ತಡೆಯಲಾಗಲಿಲ್ಲ. "ಆಯಿ, ಇವತ್ತ ಕೊಡಬ್ಯಾಡ. ಹೈದರಾಬಾದದಾಗ ರೇಟ್ ಏರೇತಿ" ಎಂದು ಪಿಸುಗುಟ್ಟಿದ್ದಳು. ಶೆಟ್ಟೆವ್ವ ನೆಟ್ಟಗೆ ಚನ್ನಬಸಯ್ಯ ಕೂರುವ ಗಾದಿಗೆ ಹೋಗಿ, "ನನ್ನ ಏನ್ ಯಾಮಾರಸ್ತಿಯೋ ಯಪ್ಪಾ, ನಿನ್ನ ಅಂಗಡಿ ಹುಡುಗೀನ ಹೇಳ್ಯಾಳ!" ಎಂದಳು. ಪುಣ್ಯಕ್ಕೆ ಹತ್ತಿರ ಬೇರೆ ಯಾರೂ ಇರಲಿಲ್ಲ. ಆದರೂ ಮುಗಿಯಿತಲ್ಲ ಕಥೆ!

ಭಾಗ್ಯಾ ಕಣ್ಣೀರು ನುಂಗಿಕೊಂಡು ಹತ್ತಿರ ಬಂದಳು.

"ಒಂದು ಮಾತು ನಡಸಿಕೊಡ್ರಿ. ಯಾಕ ಬಿಡಿಸಿದ್ರು ಅಂತ ಯಾರಿಗೂ ಹೇಳಬ್ಯಾಡ್ರಿ. ಬೂತಿನ ಮಾತು ಹೊರಗ ಹೋಗಬಾರದು ಅಂತ ಚಾಚಾ ಕಟ್ಟುನಿಟ್ಟ ಹೇಳ್ಯಾರ. ಗೊತ್ತಾದ್ರ ಆ ಕೆಲಸಾನೂ ಹೋಗ್ತೈತಿ..."

ಅವನು ಆಗ ತಲೆಯೆತ್ತಿದ. ಎಂಥ ಕಣ್ಣು! ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

"ಅದು ನಿಮ್ಮ ಮಾತ್ರಿ. ನನ್ನ ಬಾಯಿಂದ ಹೊರಗ ಬರಂಗಿಲ್ಲ. ಆಣಿ ಮಾಡ್ತೇನಿ."

"ನಿಮ್ಮ ಮಾವ ಹೇಳಿದ್ರ?"

"ಅವ್ರು ಹ್ಯಾಂಗ ಹೇಳ್ತಾರ? ಹೇಳಿದ್ರ ತಾವು ರೇಟ್ ಮುಚ್ಚಿಟ್ಟದ್ದೂ ರೈತರಿಗೆ ಗೊತ್ತಾಗ್ತೈತಲ್ಲ!"

ಕೆಲಸ ಹೋದ ಗಳಿಗೆಯಲ್ಲಿ, ನೋಡಿ, ಅವಳಿಗೆ ನಗು ಬಂತು!

* * *

ಅಂಗಡಿಯ ಫೋನಿನಿಂದ ಪರವೂರಿಗೆ ಮಾತಾಡಲು ಬರುತ್ತಿರಲಿಲ್ಲ. ಹಾಗಾಗಿ ಸಂಜೆಯಾದರೆ ಸಂಗಮೇಶ ಬೂತಿಗೆ ಬರುತ್ತಿದ್ದ. ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡುವ ಅಡತಿಯವನೆಂದರೆ ಅವನೊಬ್ಬನೇ. ಅವಳ ಕಿವಿಗೆ ಏನೂ ಬೀಳಬಾರದು, ಅವಳಿಗೆ ಮತ್ತೆ ತೊಂದರೆಯಾಗಬಾರದು... ಅವನು ಹೇಳದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಹೋಗುವಾಗ ಕೇಳುತ್ತಿದ್ದುದು ಒಂದೇ ಮಾತು. "ಊಟಾ ಆತೇನ್ರಿ?"

"ಆತ್ರಿ." ಸಂಜೆ ಹೊತ್ತಿನಲ್ಲಿ ಅದ್ಯಾವ ಊಟವೋ, ದೇವರಿಗೇ ಗೊತ್ತು! ಆದರೆ ಅಷ್ಟು ಕೇಳಿಸಿಕೊಳ್ಳಲೆಂದೇ ಭಾಗ್ಯಾ ಮಧ್ಯಾಹ್ನದಿಂದ ಬಾಗಿಲು ಕಾಯುತ್ತಿದ್ದಳು.

ಒಂದು ಸಂಜೆ ಅವಳೆದುರಿಗೇ ಕುತುಬುದ್ದೀನ ಚಾಚಾ ಕೇಳಿಬಿಟ್ಟ. "ಏನಪಾ ಸಂಗಮೇಶ, ನಮ್ಮ ಹುಡುಗೀನ ಯಾಕ ಬಿಡಿಸಿದ್ರಿ?"

ಅವಳು ಬಿಲ್ಲಿನ ಪುಸ್ತಕಕ್ಕೆ ಮುಖ ಬಗ್ಗಿಸಿದಳು.

"ಅದನ್ನ ನಾ ಹೇಳಂಗಿಲ್ರಿ ಚಾಚಾ."

ಅಯ್ಯೋ ಮಹಾರಾಯ! ಕೆಲಸ ಕಡಿಮೆ ಇತ್ತು ಅಂತ ಒಂದು ಸುಳ್ಳು ಹೇಳಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಇವನಿಗೆ ಸುಳ್ಳೂ ಬರದು. 'ಹೇಳಂಗಿಲ್ಲ' ಅಂದಮೇಲೆ ಬಜಾರು ಸುಮ್ಮನಿರುತ್ತದೆಯೇ? ಗಲ್ಲಾಪೆಟ್ಟಿಗೆಗೆ ಕೈ ಹಾಕಿದಳಂತೆ, ಮಾನ ಹೋಗಬಾರದೆಂದು ಆ ಹುಡುಗ ಮುಚ್ಚಿಟ್ಟಿದ್ದಾನಂತೆ... ಬಾಯಿಗೊಂದು ಮಾತಾಯಿತು.

ಚಾಚಾನ ಹೆಂಡತಿ ಗೌಸಬಿ ಒಂದು ದಿನ ಸುಮ್ಮನೆ ಬಂದು ಬೂತಿನ ಗಲ್ಲಾಕ್ಕೆ ಕೀಲಿ ಹಾಕಿದಳು. ಕೀಲಿಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭಾಗ್ಯಾಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅಂದು ಸಂಜೆ ಸಂಗಮೇಶ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಎದುರಿಗೆ ನಿಂತಿದ್ದಳು.

"ನನ್ನ ಬಗ್ಗೆ ಏನ್ ಹೇಳಿದ್ರಿ ಬಜಾರದಾಗ?"

"ಏನೂ ಹೇಳಿಲ್ರಿ!"

"ಎಲ್ಲಾರೂ ನನ್ನ ಕಳ್ಳಿ ಅನ್ನಾಕತ್ತಾರ! ನೀವು ಸುಮ್ಮ ನಿಂತು ನೋಡಾಕತ್ತೀರಿ!"

"ಭಾಗ್ಯಾ, ಆಣಿ ಮಾಡೇನಿ ಅಂತ..."

"ಸಾಕು ಮಾಡ್ರಿ. ಇನ್ನ ಈ ಬೂತಿಗೆ ಬರಬ್ಯಾಡ್ರಿ. ನಿಮ್ಮ ಮಾರಿ ನೋಡೂದು ಬ್ಯಾಡ ನನಗ!"

ಅವನು ತಲೆ ತಗ್ಗಿಸಿದ. ಮೆಟ್ಟಿಲು ಇಳಿದು ಹೊರಟುಹೋದ.

* * *

ಬರಬೇಡ ಅಂದವಳು ಅವಳೇ. ಕಾಯುವವಳೂ ಅವಳೇ!

ಮಳೆಗಾಲ ಹೋಯಿತು, ಚಳಿಗಾಲ ಬಂತು. ಸಂಗಮೇಶ ಬಸ್‌ಸ್ಟ್ಯಾಂಡಿನ ಬೂತಿಗೆ ಹೋಗತೊಡಗಿದ. ಸಂಜೆ ಎದುರಿನ ರಸ್ತೆಯಲ್ಲೇ ಹಾದುಹೋಗುತ್ತಿದ್ದ, ಆದರೆ ಈಚೆ ನೋಡುತ್ತಿರಲಿಲ್ಲ. 'ಒಂದು ಸಲ ನೋಡಬಾರದೇ... ಸಿಟ್ಟಿನಲ್ಲಿ ಅಂದ ಮಾತು ಅಂತ ತಿಳಿಯಬಾರದೇ...' ಅವನು ತಿರುವು ದಾಟುವ ತನಕ ಅವಳು ಉಸಿರು ಹಿಡಿದು ಕೂರುತ್ತಿದ್ದಳು.

ಎಷ್ಟೋ ಮಂದಿಗೆ ಎಲ್ಲೆಲ್ಲಿಗೋ ನಂಬರು ಹಚ್ಚಿಕೊಡುವವಳು, ಒಂದು ಮಧ್ಯಾಹ್ನ ತಡೆಯಲಾರದೆ ಅಡತಿ ಅಂಗಡಿಗೆ ಹಚ್ಚಿದಳು.

"ಹಲೋ?" ಅವನದೇ ದನಿ! ಅವಳು ಮಾತಾಡಲಿಲ್ಲ.

"ಹಲೋ, ಯಾರ್ರಿ?"

ಆಮೇಲೆ ಮೆಲ್ಲಗೆ, "ಊಟಾ ಆತೇನ್ರಿ?"

ಅವಳು ಫೋನು ಇಟ್ಟು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಗೊತ್ತಾಗಿತ್ತು ಅವನಿಗೆ! ಆ ದನಿಯಲ್ಲಿ ಬೇಸರವಿಲ್ಲ, ಸಿಟ್ಟಿಲ್ಲ. ಇಡೀ ಬಜಾರು ಅವನನ್ನೂ ಕಳವು ಮುಚ್ಚಿಟ್ಟವನು ಅನ್ನುತ್ತಿತ್ತು. ಬಾಯಿಬಿಟ್ಟಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು. ಅಷ್ಟಕ್ಕಾಗಿ ಅವನು ಬಾಯಿ ಬಿಡಲಿಲ್ಲ. 'ನಾನು ಅಂಥವನನ್ನು ಬೈದು ಕಳಿಸಿದೆನಲ್ಲ...'

ಕಣ್ಣೊರೆಸಿಕೊಂಡು ಎದ್ದಳು. ಹಿಂದಿನ ಕೋಣೆಯಲ್ಲಿ ಚಾಚಾ ಮತ್ತು ಗೌಸಬಿ ಚಹಾ ಕುಡಿಯುತ್ತಿದ್ದರು.

"ಚಾಚಾ, ನಾ ಕಳ್ಳಿ ಅಲ್ಲ. ಆದ್ರ ನಂದು ತಪ್ಪೈತಿ."

ಎಲ್ಲ ಹೇಳಿದಳು. ಬೂತಿನಲ್ಲಿ ಕೇಳಿದ ರೇಟು, ಶೆಟ್ಟೆವ್ವ, ಸಂಗಮೇಶನಿಂದ ಪಡೆದ ಮಾತು... ಚಾಚಾನ ಬಸಿಯಲ್ಲಿದ್ದ ಚಹಾ ಆರಿಹೋಯಿತು.

"ಬೇಟಿ, ಕಳುವಿಗಿಂತ ಇದ ದೊಡ್ಡದು. ರೊಕ್ಕ ಹೋದ್ರ ಮತ್ತ ಬರ್ತೈತಿ. ಮಂದಿ ಭರೋಸಾ ಹೋದ್ರ?"

"ಗೊತ್ತೈತ್ರಿ. ಬಿಡಸ್ತೀರಂದ್ರ ಬಿಡಸ್ರಿ. ಯಾರರ ಕೇಳಿದ್ರ ಇದ್ದದ್ದು ಇದ್ಹಂಗ ಹೇಳ್ರಿ. ಆದ್ರ ಸಂಗಮೇಶ ಅವರಿಗೆ ಯಾರೂ ಏನೂ ಅನಬಾರದು."

ಗೌಸಬಿ ಸೊಂಟದ ಕೀಲಿಕೈ ಕಿತ್ತು ಅವಳ ಅಂಗೈಗೆ ಒತ್ತಿದಳು. "ಇದನ್ನ ಹೇಳಾಕ ಇಷ್ಟು ದಿನಾ ಬೇಕಾತೇನವಾ? ಗಲ್ಲಾಕ್ಕ ಕೀಲಿ ಹಾಕಿದಾಗಿಂದ ನನಗ ಅನ್ನ ಸೇರವಲ್ದು!"

ಚಾಚಾ ಮಾತ್ರ ಮುಖ ಸಡಿಲಿಸಲಿಲ್ಲ. "ಇರು. ಆದ್ರ ಲಿಂಬಿ ಅಡತಿಯವರು ಫೋನ್ ಮಾಡಾಕ ಬಂದ್ರ ನೀ ಹೊರಗ ನಿಂದ್ರಬೇಕು. ನಂಬರ ನಾ ಹಚ್ತೇನಿ. ಕಬೂಲ?"

"ಕಬೂಲ ಚಾಚಾ!"

ಅವಳು ಓಡಿಹೋಗಿ ಮತ್ತೆ ಅದೇ ನಂಬರು ಹಚ್ಚಿದಳು. ಈ ಸಲ ಅವನಿಗೆ ಹಲೋ ಅನ್ನಲೂ ಬಿಡಲಿಲ್ಲ.

"ನಾ ಭಾಗ್ಯಾ. ಚಾಚಾಗ ಎಲ್ಲಾ ಹೇಳೇನಿ. ನಿಮ್ಮ ಆಣಿ ಬಿಡಿಸೇನಿ... ಬರ್ರಿ."

ಅಂಗಡಿಯಿಂದ ಬೂತಿಗೆ ಅವನು ಓಡಿಯೇ ಬಂದಿರಬೇಕು, ಏದುಸಿರು ಬಿಡುತ್ತಿದ್ದ. ಅವನನ್ನು ಕಂಡಿದ್ದೇ ತಡ, ಚಾಚಾ ಒಳಗಿನಿಂದ ಗದರಿದ. "ಲಿಂಬಿಯವ್ರು ಬಂದ್ರು! ಹೊರಗ ನಡಿ!"

ಭಾಗ್ಯಾ ಹೊರಗೆ ಬಂದಳು. ಅವನು ಒಳಗೆ ಹೋಗಲಿಲ್ಲ.

"ಇಷ್ಟು ದಿನಾ ಯಾಕ ಬರಲಿಲ್ರಿ?" ಅವಳ ಕಣ್ಣು ತುಂಬಿ ಬಂದವು.

"ನೀವ ಬರಬ್ಯಾಡ ಅಂದಿದ್ರಿ."

"ಅಂದದ್ದೆಲ್ಲಾ ಹಂಗ ಕೇಳಿಬಿಡ್ತೀರೇನು? ನನ್ನ ಜೀವ ಎಷ್ಟು ಒದ್ದಾಡೇತಿ ಗೊತ್ತೇನು ನಿಮಗ?"

"ನಂದೂ ಒದ್ದಾಡೇತ್ರಿ." ಈ ಸಲ ಅವನು ಅವಳ ಮುಖವನ್ನೇ ನೋಡುತ್ತಿದ್ದ. "ನೀವಂದ್ರ ನನಗ ಜೀವ, ಭಾಗ್ಯಾ. ಅವ್ವನ್ನ ನಿಡಗುಂದಿಯಿಂದ ಕರಸ್ತೇನಿ. ಐತವಾರ ನಿಮ್ಮ ಮನಿಗೆ ಬಂದು ಹೆಣ್ಣ ಕೇಳ್ತೇವಿ. ಒಲ್ಲೆ ಅನ್ನಬ್ಯಾಡ್ರಿ..."

"ಯಾರ ಒಲ್ಲೆ ಅಂದಾರ?" ಅವಳು ಅಳುತ್ತಲೇ ನಕ್ಕಳು. "ಐತವಾರ ತನಕ ನಾ ಹ್ಯಾಂಗ ಇರ್ಲಿ?"

"ದಿನಾ ಸಂಜಿಕ ಬರ್ತೇನಲ್ಲ."

"ಫೋನಿನ ನೆವಾ ಹೇಳಿ?"

"ನೆವಾ ಯಾಕ ಬೇಕ್ರಿ? ನಿಮ್ಮನ್ನ ನೋಡಾಕ ಅಂತ ಬರ್ತೇನಿ."