ಯುವರಾಜನ ತಲೆಗೆ ಒಣಹುಲ್ಲು

ಮೃಗಗಳಿಗೆ ಮಾತು ಬರುತ್ತಿದ್ದ, ಮನುಷ್ಯರು ಅದಕ್ಕೆ ಬೆರಗಾಗದಿದ್ದ ಕಾಲದಲ್ಲಿ ಹಸುರುಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸ ಧರಣಿಪಾಲನಿಗೆ ಶಾಲು ಹೊದಿಸುವ ಚಟ. ಕುಸ್ತಿಯಲ್ಲಿ ಗೆದ್ದವನಿಗೊಂದು ಶಾಲು, ಸೋತವನಿಗೆ ಸಮಾಧಾನಕ್ಕೊಂದು, ಜ್ವರ ಬಿಟ್ಟ ಆನೆಗೂ ಒಂದು. ಹೀಗಿರಲು ಚಳಿಯ ಮಾಂತ್ರಿಕ ಕೊರೆಗಣ್ಣ ಆಸ್ಥಾನಕ್ಕೆ ಬಂದ. ಅವನಿಗೂ ಹೊದಿಸಿದರು. ಆ ಶಾಲಿನಲ್ಲಿ ಆನೆಯ ವಾಸನೆಯಿತ್ತು.

ಕೊರೆಗಣ್ಣ ಕೂಗಾಡಲಿಲ್ಲ. ಯುವರಾಜ ಇಂದುಧರನತ್ತ ಸುಮ್ಮನೆ ಬೆರಳು ತೋರಿಸಿದ. ಹುಡುಗ ನಿಂತಲ್ಲೇ ಜರೀಮರವಾದ: ಆಳೆತ್ತರದ ಕಪ್ಪು ಕಾಂಡ, ಅದರ ತುದಿಯಲ್ಲಿ ಸುತ್ತಲೂ ಹರಡಿಕೊಂಡ ಜರೀಗಿಡದ ಗರಿಗಳು.

"ಮೂರು ಸಲ ಚಳಿ ಕಳಿಸುತ್ತೇನೆ. ಅದನ್ನು ದಾಟಿ ಹೊಸ ಗರಿ ಬಿಚ್ಚಿದರೆ ನಿನ್ನ ಮಗ ನಿನಗೆ. ಇಲ್ಲದಿದ್ದರೆ ಒಲೆಗೆ ಸೌದೆ," ಎಂದು ಹೇಳಿ ಹೊರಟುಹೋದ.

ಮರವನ್ನು ತೋಟಕ್ಕೆ ತಂದು ನೆಟ್ಟರು. ತೋಟ ನೋಡಿಕೊಳ್ಳುವ ದೇವೀರಿ ಅದನ್ನು ಒಂದು ಸುತ್ತು ಹಾಕಿ ನೋಡಿದಳು.

"ಬುದ್ಧಿ, ಇದರ ಜೀವ ಇರೋದು ನೆತ್ತಿಯ ಸುಳೀಲಿ. ಅಲ್ಲಿಗೆ ಒಣಹುಲ್ಲು ತುಂಬಿ, ಗರಿಗಳನ್ನ ಮೇಲಕ್ಕೆ ಮಡಚಿ ಕಟ್ಟಬೇಕು."

"ಯುವರಾಜನ ತಲೆಗೆ ಹುಲ್ಲೇ? ಅವನೇನು ಹೊಲದ ಬೆದರುಬೊಂಬೆಯೇ?" ಎಂದ ಅರಸ.

ದೇವೀರಿ ಕಳೆ ಕೀಳಲು ಹೋದಳು.

ಅರಸ ಕಾಂಡಕ್ಕೆ ನಲವತ್ತು ರೇಷ್ಮೆ ಶಾಲು ಸುತ್ತಿಸಿದ. ನಸುಕಿನಲ್ಲಿ ಮೊದಲ ಚಳಿ ಬಿಳಿ ನರಿಯಾಗಿ ಬಂತು, ಮರವನ್ನು ಸುತ್ತಿತು, ಉಸಿರು ಬಿಟ್ಟಿತು. ಕೆಳಗಿನ ಗರಿಗಳೆಲ್ಲ ಕಂದಿದವು.

ಅರಸ ಮರದ ಮೇಲೆ ಬಂಗಾರದ ಛತ್ರಿ ಹಿಡಿಸಿದ. ನಸುಕಿನಲ್ಲಿ ಬಿಳಿ ತೋಳ ಬಂತು, ಸುತ್ತಿತು, ಉಸಿರು ಬಿಟ್ಟಿತು. ಛತ್ರಿ ಹೆಪ್ಪುಗಟ್ಟಿ ಅದರಿಂದ ಮಂಜಿನ ಹನಿ ನೇರ ಸುಳಿಯ ಮೇಲೇ ತೊಟ್ಟಿಕ್ಕಿತು. ಉಳಿದದ್ದು ಐದೇ ಗರಿ.

ರಾಣಿ ಚಂಪಕಾಂಬೆ ತಾನೇ ತೋಟಕ್ಕೆ ನಡೆದು ಬಂದಳು. "ದೇವೀರಿ, ಹುಲ್ಲು ತಾರಮ್ಮ."

"ನೋಡಿದವರು ಏನೆಂದಾರು?" ಎಂದ ಅರಸ.

"ನೀವು ಆ ಕಡೆ ತಿರುಗಿ ನಿಂತುಕೊಳ್ಳಿ. ನೋಡುವವರು ಒಬ್ಬರು ಕಡಿಮೆಯಾಗುತ್ತಾರೆ," ಎಂದಳು ರಾಣಿ.

ದೇವೀರಿ ಏಣಿ ಹತ್ತಿ ಸುಳಿಗೆ ಹುಲ್ಲು ತುಂಬಿದಳು, ಗರಿಗಳನ್ನು ಮೇಲಕ್ಕೆ ಮಡಚಿದಳು, ಗೋಣಿತಾಟು ಸುತ್ತಿ ಸಡಿಲವಾಗಿ ಕಟ್ಟಿದಳು.

ನಸುಕಿನಲ್ಲಿ ಬಿಳಿ ಕರಡಿ ಬಂತು, ಸುತ್ತಿತು, ಉಸಿರು ಬಿಟ್ಟಿತು. ಏನೂ ಆಗಲಿಲ್ಲ. ಆಗ ಅದು ಮರದ ಬಳಿ ಕಾದು ನಿಂತಿದ್ದ ಅರಸನ ಕಡೆ ತಿರುಗಿ ಕೊರೆಗಣ್ಣನ ದನಿಯಲ್ಲೇ ಮಾತಾಡಿತು.

"ಧರಣಿಪಾಲ, ನಾಳೆ ನೆರೆರಾಜರ ದೂತರು ಬರುತ್ತಾರೆ. ನಿನ್ನ ಮಗನನ್ನು ನೋಡಿ ನಗುತ್ತಾರೆ. ಒಂದು ಗಳಿಗೆ ಆ ಗೋಣಿ, ಹುಲ್ಲು ತೆಗೆಸು. ಆಮೇಲೆ ಬೇಕಾದರೆ ಮತ್ತೆ ಕಟ್ಟಿಸು."

ಅರಸನ ಕೈ ಗಂಟಿನವರೆಗೂ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಗೋಣಿಯೊಳಗಿನಿಂದ ಸಣ್ಣ ಬಿಸುಪು ಬೆರಳಿಗೆ ತಾಗುತ್ತಿತ್ತು. ಇಷ್ಟು ವರ್ಷ ತಾನು ಹೊದಿಸಿದ್ದು ಚಳಿಯಾದವರಿಗೋ, ನೋಡುವವರಿಗೋ ಎಂದು ಅವನು ಮೊದಲ ಸಲ ಯೋಚಿಸಿದ. ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ.

"ದೇವೀರಿ, ಇಲ್ಲಿ ಒಂದು ಕಡೆ ಸಂದು ಬಿಟ್ಟಿದೆ. ಇನ್ನೊಂದು ಹಿಡಿ ಹುಲ್ಲು ಕೊಡು," ಎಂದು ತಾನೇ ಏಣಿ ಹತ್ತಿದ.

ಕರಡಿ ಇದ್ದಬದ್ದ ಉಸಿರನ್ನೆಲ್ಲ ಊದಿತು. ಊದಿ ಊದಿ ಪೊಳ್ಳಾಗಿ, ಕೊರೆಗಣ್ಣನೇ ಆಗಿ ಬಿತ್ತು. ಕೊರೆಗಣ್ಣ ಬಿಸಿಲಿಗೆ ಕರಗಿ ಪಾತಿಯೊಳಕ್ಕೆ ನೀರಾಗಿ ಇಂಗಿದ.

ಗೋಣಿ ಬಿಚ್ಚಲು ಅರಸನಿಗೆ ಅವಸರ. ದೇವೀರಿ ಬಿಡಲಿಲ್ಲ. "ಬಿಸಿಲು ಬಲೀಲಿ ಬುದ್ಧಿ. ಆಮೇಲೆ ದಿನಕ್ಕಿಷ್ಟು." ಮೊದಲು ಗೋಣಿ, ಮಾರನೆಯ ದಿನ ಗರಿ, ಆಮೇಲೆ ಹಿಡಿಹಿಡಿಯಾಗಿ ಹುಲ್ಲು. ಹನ್ನೊಂದನೆಯ ದಿನ ಸುಳಿಯಲ್ಲಿ ಹಸುಗೂಸಿನ ಮುಷ್ಟಿಯಂಥ ಹಸಿರು ಸುರುಳಿ ಕಂಡಿತು. ಎಲ್ಲರೂ ನೋಡುತ್ತಿದ್ದಂತೆ ಅದು ಬಿಚ್ಚಿಕೊಂಡಿತು.

ಮರವಿದ್ದಲ್ಲಿ ಇಂದುಧರ ನಿಂತಿದ್ದ.

"ಬಹಳ ಚಳಿಯಾಯಿತೇನೋ ಮಗನೇ?" ಎಂದಳು ರಾಣಿ.

"ಮೊದಮೊದಲು ಆಯಿತಮ್ಮ. ಆಮೇಲೆ ಒಬ್ಬರ ಕೈ ಬಂತು, ಇನ್ನೊಬ್ಬರದೂ ಬಂತು. ಎರಡನೆಯ ಕೈ ನಡುಗುತ್ತಿತ್ತು."

ಅರಸ ಆ ಕಡೆ ತಿರುಗಿ ನಿಂತ. ಈ ಸಲ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

ಮುಂದೆ ಆ ರಾಜ್ಯದವರು ಉಂಡು, ಉಟ್ಟು, ವರ್ಷಕ್ಕೊಮ್ಮೆ ಚಳಿಗೆ ಹಿತವಾಗಿ ನಡುಗಿ, ಬಹುಕಾಲ ಸುಖವಾಗಿದ್ದರು.