ಎರಡು ಸಲ ದೇವರೇ ಎನ್ನುವಷ್ಟು ಹೊತ್ತು

ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಅಕ್ಕನಿಗೆ ಹೆರಿಗೆ ನೋವು ಶುರುವಾಗಿತ್ತು. ಭಾವ ಊರಿನಲ್ಲಿರಲಿಲ್ಲ. ನಾನು ಕಾರು ಕಲಿತು ತಿಂಗಳೂ ತುಂಬಿರಲಿಲ್ಲ. ಆಸ್ಪತ್ರೆ ಇನ್ನೂ ದೂರ.

ಎದುರಿಗೇ ಒಂದು ಗ್ಯಾರೇಜು. ಅಲ್ಲಿದ್ದ ಗಾಡಿಗಳೆಲ್ಲ ಬಿಚ್ಚಿಟ್ಟವು, ಓಡುವುದು ಒಂದೂ ಇರಲಿಲ್ಲ. ಅಲ್ಲಿನ ಎಲೆಕ್ಟ್ರಿಷಿಯನ್ ಓಡಿಬಂದು ಫ್ಯೂಸ್ ನೋಡಿದರು, ಕಿವಿಗೊಟ್ಟು ಕೇಳಿದರು.

"ಎಂಜಿನ್ನಿಗೆ ಪೆಟ್ರೋಲ್ ತಳ್ಳೋ ಪಂಪಿನ ಸದ್ದೇ ಇಲ್ಲ. ಅಕ್ಕಾ, ಸ್ವಲ್ಪ ಇಳೀಬೇಕು. ಪಂಪು ನಿಮ್ಮ ಸೀಟಿನ ಕೆಳಗೇ ಇದೆ."

"ಇಳಿಯೋದಾ? ನಿಮಗೆ ತಲೆ ನೆಟ್ಟಗಿದೆಯಾ?" ಎಂದು ಕಿರುಚುತ್ತಲೇ ಅಕ್ಕ ಇಳಿದು ಹಳೇ ಟೈರಿನ ಮೇಲೆ ಕುಳಿತಳು.

ಅವರು ಸೀಟೆತ್ತಿ ಮುಚ್ಚಳ ತೆಗೆದರು. ಪೆಟ್ರೋಲಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಅವರ ಕೈಯಲ್ಲಿ ಎರಡು ವೈರು ಕಟ್ಟಿದ ಪುಟ್ಟ ಬಲ್ಬು.

"ನಾನು 'ಹಾಕಿ' ಅಂದಾಗ ಮಾತ್ರ ಕೀ ತಿರುಗಿಸಿ. ಎರಡು ಸಲ 'ದೇವರೇ' ಅನ್ನೋಷ್ಟು ಹೊತ್ತು ಇಲ್ಲಿಗೆ ಕರೆಂಟು ಬರುತ್ತೆ, ಅಷ್ಟೇ. ನಾನು ಹೇಳದೆ ತಿರುಗಿಸಿದ್ರೆ ಒಂದು ಕಿಡಿ ಸಾಕು. ನಿಮ್ಮಕ್ಕನ ಮಗು ನೋಡೋಕೆ ನಾನಿರಲ್ಲ."

"ಮಗು ನೋಡೋಕೆ ನಿಮ್ಮನ್ನ ಕರೆದೋರು ಯಾರು?" ಭಯದಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ನಕ್ಕವು.

"ಹಾಕಿ."

ದೇವರೇ, ದೇವರೇ. ಬಲ್ಬು ಹತ್ತಲಿಲ್ಲ.

ಅವರು ಒಂದು ವೈರನ್ನು ಕಾರಿನ ಮೈಗೆ ಒತ್ತಿ ಹಿಡಿದರು. "ಹಾಕಿ."

ದೇವರೇ, ದೇವರೇ.

"ಹತ್ತಿತು! ಕರೆಂಟು ಬರ್ತಿದೆ. ಅದು ವಾಪಸ್ ಹೋಗೋ ವೈರು ಕಿತ್ತುಹೋಗಿದೆ. ಬೇರೆ ಕಟ್ತೀನಿ. ಈಗ ಕೀ ಮುಟ್ಟಬೇಡಿ."

ಅಷ್ಟರಲ್ಲಿ ಅಕ್ಕ ಚೀರಿದಳು. "ತಿರುಗಿಸೇ ಪಾಪಿ! ಇಲ್ಲೇ ಹೆರಬೇಕಾ ನಾನು?"

ಬೆರಳು ಕೀಯ ಮೇಲೇ ಇತ್ತು. ಹೊರಗೆ ನನ್ನ ಒಡಹುಟ್ಟಿದವಳು. ಹಿಂದೆ, ಆ ವಾಸನೆಯ ಮೇಲೆ ತಲೆ ಬಗ್ಗಿಸಿದ, ಹೆಸರೂ ಗೊತ್ತಿಲ್ಲದ ಮನುಷ್ಯ. ಎರಡು ಜೀವವಲ್ಲ, ಮೂರು. ಕಣ್ಣು ಮುಚ್ಚಿ ಕೈ ಹಿಂದಕ್ಕೆಳೆದುಕೊಂಡು ಕಾದೆ.

"ಹಾಕಿ."

ಸೀಟಿನ ಕೆಳಗೆ ಗುಂಯ್ ಎಂದು ಪಂಪು ಹಾಡಿತು. ನಾನು ಅತ್ತುಬಿಟ್ಟೆ.

ಅಕ್ಕನಿಗೆ ಆಸ್ಪತ್ರೆಯಲ್ಲೇ ಗಂಡುಮಗುವಾಯಿತು. ಮರುದಿನ ವೈರನ್ನು ಗಟ್ಟಿಮಾಡುವ ನೆಪದಲ್ಲಿ ಅವರು ಬಂದರು.

"ಅಕ್ಕ ಅಷ್ಟು ಕೂಗಿದ್ರೂ ನನ್ನ ಮಾತಿಗೇ ಕಾದ್ರಿ."

"ನೀವು ಸುಟ್ಟುಹೋದ್ರೆ ಕಾರು ಯಾರು ರಿಪೇರಿ ಮಾಡ್ತಿದ್ರು?"

"ಅದಕ್ಕೇನಾ?"

ಕೈ ಒರೆಸಲು ಬಟ್ಟೆ ಕೊಡುತ್ತಾ ಹೇಳಿದೆ. "ಅದಕ್ಕೊಂದೇ ಅಲ್ಲ."

ಮದುವೆಯಾಗಿ ಎಷ್ಟೋ ವರ್ಷ ಜೊತೆಗೆ ಬಾಳಿದೆವು. ಭಗವಂತ ಅವರನ್ನು ಕರೆದುಕೊಂಡಿದ್ದಾನೆ. ಅವನ ಇಚ್ಛೆ. ಈಗ ಒಬ್ಬಳೇ ಕಾರು ಹತ್ತಿದಾಗ ಅಂದಿನಂತೆಯೇ ಬೆರಳು ಕೀಯ ಮೇಲೇ ನಿಲ್ಲುತ್ತದೆ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತೇನೆ.

"ಹಾಕಲಾ?"

ದೇವರೇ, ದೇವರೇ ಎನ್ನುವಷ್ಟು ಹೊತ್ತು ಕಾಯುತ್ತೇನೆ. ಆಮೇಲೆ ತಿರುಗಿಸುತ್ತೇನೆ.